ಇಪ್ಪತ್ತಾರು ವಾರದ ಕೂಸು

ಶಿವರಾತ್ರಿ ಮುಗಿದ ವಾರ, ಗುರುವಾರ ಬೆಳಿಗ್ಗೆ, ಗಗನಾ ಗಂಡನ ಡಬ್ಬಿಗೆ ಚಪಾತಿ ಮಡಚಿ ಇಡುತ್ತಿದ್ದಳು. ಇದ್ದಕ್ಕಿದ್ದಂತೆ ಕಾಲು ಒದ್ದೆಯಾಯಿತು. ನಲ್ಲಿ ಸೋರುತ್ತಿರಬೇಕೆಂದು ಸಿಂಕಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲಿ ಒಣಗಿತ್ತು.

"ಅತ್ತೆ, ನೀರು ಹೋಗ್ತಿದೆ," ಎಂದು ಕೂಗಿದಳು.

"ಟ್ಯಾಂಕ್ ತುಂಬಿರಬೇಕು. ಮೋಟರ್ ಆರಿಸು," ಎಂದು ಪದ್ಮಮ್ಮ ದೇವರಿಗೆ ಹೂ ಏರಿಸುತ್ತಲೇ ಹೇಳಿದರು.

"ಟ್ಯಾಂಕಿಂದಲ್ಲ ಅತ್ತೆ. ನನ್ನಿಂದ."

ಪದ್ಮಮ್ಮ ಹೂವಿನ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದರು. ಸೊಸೆಗೆ ಆಗ ಆರನೆಯ ತಿಂಗಳು.

ದೆಹಲಿ ಪಕ್ಕದ ಫರೀದಾಬಾದಿನ ಆ ಎರಡನೆಯ ಮಹಡಿಯ ಮನೆಯನ್ನು ಏಕನಾಥರು ಹಿಂದಿನ ವರ್ಷವಷ್ಟೇ ಕೊಂಡಿದ್ದರು. ಧಾರವಾಡ ಬಿಟ್ಟು ದೆಹಲಿಗೆ ಗುಮಾಸ್ತರಾಗಿ ಬಂದು, ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದು, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಮಗ ಮಹಂತೇಶ್ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಮಗಳು ಸಿಂಧೂರ ದೆಹಲಿಯ ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಸೊಸೆ ಗಗನಾ ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮದುವೆಯಾಗಿ ಮೂರು ವರ್ಷವಾಗಿತ್ತು.

ಹತ್ತಿರದ ನರ್ಸಿಂಗ್ ಹೋಮಿನವರು ಒಂದು ಇಂಜೆಕ್ಷನ್ ಕೊಟ್ಟು, "ಇಂಥ ಮಗುವನ್ನು ನೋಡಿಕೊಳ್ಳುವ ಯಂತ್ರ ನಮ್ಮಲ್ಲಿಲ್ಲ, ದೆಹಲಿಗೆ ಹೋಗಿ" ಎಂದು ಆಂಬುಲೆನ್ಸ್ ಹತ್ತಿಸಿದರು. ಬದರ್‌ಪುರ ಗಡಿಯಲ್ಲಿ ಲಾರಿಗಳ ನಡುವೆ ಮುಕ್ಕಾಲು ಗಂಟೆ ನಿಂತರು. ಮಹಂತೇಶ್ ಇಳಿದು, ಲಾರಿಗಳ ಬಾನೆಟ್ಟು ಬಡಿದು, "ಭಯ್ಯಾ, ಸರಕೋ, ಸರಕೋ" ಎಂದು ಕೂಗುತ್ತ ದಾರಿ ಮಾಡಿಸಿದ.

ದೆಹಲಿಯ ಆಸ್ಪತ್ರೆಯಲ್ಲಿ ಎಳೆಕೂಸುಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಸಬರ್‌ವಾಲ್ ಎಂಬ ಐವತ್ತರ ಹೆಂಗಸು. ಮರುದಿನ ಮಧ್ಯಾಹ್ನ ಅವರು ಗಗನಾಳ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಹಿಂದಿಯಲ್ಲಿ, ನಿಧಾನವಾಗಿ ಹೇಳಿದರು.

"ನಾಳೆಗೆ ಇಪ್ಪತ್ತಾರು ವಾರ ತುಂಬುತ್ತದೆ. ಇನ್ನು ಹೆಚ್ಚು ದಿನ ತಡೆಯುವುದು ಕಷ್ಟ. ನಮ್ಮಲ್ಲಿ ಇಷ್ಟು ಬೇಗ ಹುಟ್ಟಿದ ಹತ್ತು ಮಕ್ಕಳಲ್ಲಿ ಐದು ಮನೆಗೆ ಹೋಗುತ್ತವೆ. ಆ ಐದರಲ್ಲೂ ಒಂದೆರಡಕ್ಕೆ ಕಣ್ಣಿನದೋ ಕಾಲಿನದೋ ಕಿವಿಯದೋ ತೊಂದರೆ ಉಳಿಯಬಹುದು. ಹುಟ್ಟಿದ ಕೂಡಲೇ ಗಂಟಲಿಗೆ ನಳಿಗೆ ಹಾಕಿ ಉಸಿರಾಡಿಸಬೇಕು. ಬೇಡ ಅಂದರೆ ಬೆಚ್ಚಗೆ ಸುತ್ತಿ ನಿಮ್ಮ ಕೈಗೆ ಕೊಡುತ್ತೇವೆ. ಎರಡೂ ತಪ್ಪಲ್ಲ. ನೀವೇ ಯೋಚನೆ ಮಾಡಿ ಹೇಳಿ."

"ಯೋಚನೆ ಏನು ಬಂತು?" ಎಂದ ಮಹಂತೇಶ್. "ಎಲ್ಲಾ ಮಾಡಿ. ಏನೇನಿದೆಯೋ ಎಲ್ಲಾ."

ಡಾಕ್ಟರು ಗಗನಾಳ ಮುಖ ನೋಡಿದರು. "ನೀವು?"

"ಪ್ರಯತ್ನ ಮಾಡಿ," ಎಂದಳು ಗಗನಾ. "ಆದರೆ ಅದಕ್ಕೆ ಇನ್ನು ನೋವು ಬಿಟ್ಟು ಬೇರೇನೂ ಇಲ್ಲ ಅಂತ ನಿಮಗೆ ಗೊತ್ತಾದ ದಿನ ನನ್ನಿಂದ ಮುಚ್ಚಿಡಬೇಡಿ. ಆಗ ಸಾಕು ಅನ್ನೋ ಮಾತನ್ನ ನಾನೇ ಹೇಳ್ತೀನಿ."

ಡಾಕ್ಟರು ತಲೆಯಾಡಿಸಿ ಎದ್ದರು. ಮಹಂತೇಶ್ ಹೆಂಡತಿಯನ್ನು ಹೊಸದಾಗಿ ಕಂಡವನ ಹಾಗೆ ನೋಡಿದ.

"ಹುಟ್ಟೋಕೆ ಮುಂಚೆಯೇ ಸಾಕು ಅಂತೀಯಲ್ಲ! ನೀನು ತಾಯೀನಾ?"

"ತಾಯಿ ಆಗಿದ್ದಕ್ಕೇ ಹೇಳ್ತಿದೀನಿ," ಎಂದು ಗಗನಾ ಗೋಡೆಯ ಕಡೆ ತಿರುಗಿ ಮಲಗಿದಳು.

ಕಾರಿಡಾರಿನಲ್ಲಿ ಏಕನಾಥರು ಮಗನನ್ನು ಪಕ್ಕಕ್ಕೆ ಕರೆದರು. "ಮಹಾಂತು, ನನ್ನ ಮಾತು ಕೇಳು. ಆ ಜೀವಾನ ಸುಮ್ಮನೆ ಗೋಳಾಡಿಸಬೇಡಿ. ಬೆಚ್ಚಗೆ ಸುತ್ತಿ ಕೊಡ್ತಾರಂತಲ್ಲ, ಅಷ್ಟೇ ಸಾಕು. ಹುಡುಗಿ ಚೆನ್ನಾಗಿರಲಿ. ಇನ್ನೊಂದಾಗುತ್ತೆ."

"ಇನ್ನೊಂದು ಅಂದ್ರೆ? ಇದೇನು ಟೈರೇನಪ್ಪ, ಸ್ಟೆಪ್ನಿ ಹಾಕ್ಕೊಳ್ಳೋಕೆ?"

ಏಕನಾಥರು ಕೆಳಗಿಳಿದು ಹೋಗಿ ಸೊಸೆಗೆ ಮೋಸಂಬಿ ತಂದರು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಹೆಣ್ಣು ಕೂಸು ಹುಟ್ಟಿತು. ಏಳುನೂರ ತೊಂಬತ್ತು ಗ್ರಾಂ. ಗಗನಾ ಕಂಡದ್ದು ಒಂದೇ ಕ್ಷಣ. ಕೆಂಪಗೆ, ತೆಳ್ಳಗೆ, ಚರ್ಮದ ಕೆಳಗಿನ ನರಗಳೆಲ್ಲ ಕಾಣುವಂಥ ಒಂದು ಜೀವ. ಡಾಕ್ಟರ ಅಂಗೈಯಿಂದ ಅದರ ಕಾಲು ಮಾತ್ರ ಆಚೆ ಚಾಚಿತ್ತು. ಆ ಕಾಲು ಒಮ್ಮೆ ಒದೆಯಿತು. ಆಮೇಲೆ ಅವರು ಅದನ್ನು ಎತ್ತಿಕೊಂಡು ಹೋದರು.

ನಾಲ್ಕು ದಿನದ ನಂತರ ಗಗನಾಳನ್ನು ಮನೆಗೆ ಕಳಿಸಿದರು. ಅವಳಿಗೆ ಜ್ವರವಿತ್ತು, ಜ್ವರ ಇಳಿಯುವ ತನಕ ಕೂಸುಗಳ ಕೋಣೆಯೊಳಗೆ ಬರುವ ಹಾಗಿರಲಿಲ್ಲ. ಆದರೆ ಅವಳ ಹಾಲು ಬೇಕಿತ್ತು. ಜ್ವರವಿದ್ದರೂ ಹಾಲಿಗೆ ದೋಷವಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೂರು ಮೂರು ಗಂಟೆಗೆ ಕೈಯಿಂದ ಹಿಂಡಿ, ಕುದಿಸಿದ ಸ್ಟೀಲ್ ಬಟ್ಟಲಿಗೆ ತೆಗೆದು, ತಣ್ಣಗಿಟ್ಟು ದಿನಕ್ಕೆ ಎರಡು ಸಲ ದೆಹಲಿಗೆ ಮುಟ್ಟಿಸಬೇಕು. ಮಹಂತೇಶ್‌ಗೆ ಮೊದಲನೆಯ ಪಾಳಿ, ಸಿಂಧೂರಳಿಗೆ ಪರೀಕ್ಷೆ.

"ನಾನು ಒಯ್ತೀನಿ," ಎಂದರು ಏಕನಾಥರು.

ಎಲ್ಲರೂ ಅವರನ್ನು ನೋಡಿದರು.

"ಏನು ನೋಡ್ತೀರಿ? ಬೇಡ ಅಂದಿದ್ದೆ, ನಿಜ. ಈಗ ಹುಟ್ಟಿದೆಯಲ್ಲ, ಉಪವಾಸ ಕೆಡವೋಕಾಗುತ್ತಾ?"

ಅಂದಿನಿಂದ ಅವರು ಬೆಳಿಗ್ಗೆ ಏಳರ ಶಟಲ್ ರೈಲಿಗೆ ನಿಜಾಮುದ್ದೀನ್‌ಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆಸ್ಪತ್ರೆ ಸೇರುತ್ತಿದ್ದರು. ಕೈಯಲ್ಲಿ ಮಂಜುಗಡ್ಡೆ ತುಂಬಿದ ದೊಡ್ಡ ಫ್ಲಾಸ್ಕು, ಅದರೊಳಗೆ ಕೈಬೆರಳಷ್ಟು ಬಾಟಲಿ. ಅದರಲ್ಲಿ ಹದಿನೈದು ಎಂ.ಎಲ್. ಹಾಲು. ರೈಲಿನಲ್ಲಿ ಜನ ಬಾಗಿಲಿಗೆ ಜೋತಾಡುತ್ತಿದ್ದರು. ಒಮ್ಮೆ ಪಕ್ಕದವನೊಬ್ಬ, "ಅಂಕಲ್‌ಜೀ, ಆ ಫ್ಲಾಸ್ಕಿನಲ್ಲಿ ಚಹಾ ಇದೆಯಾ?" ಎಂದು ಕೇಳಿದ. "ಇಲ್ಲಪ್ಪ, ಒಬ್ಬರ ಊಟ," ಎಂದರು ಏಕನಾಥರು.

ಕೂಸಿಗೆ ಮೂಗಿನ ನಳಿಗೆಯಲ್ಲಿ ಎರಡು ಗಂಟೆಗೊಮ್ಮೆ ಒಂದು ಎಂ.ಎಲ್. ಕೊಡುತ್ತಿದ್ದರು. "ಒಂದು ಎಂ.ಎಲ್. ಅಂದ್ರೆ ಎಷ್ಟು?" ಎಂದು ಪದ್ಮಮ್ಮ ಕೇಳಿದಾಗ ಸಿಂಧೂರ ಡ್ರಾಪರಿನಲ್ಲಿ ನೀರು ತೆಗೆದು ತಾಯಿಯ ಅಂಗೈಗೆ ಬಿಟ್ಟಳು. ಪದ್ಮಮ್ಮ ಬಹಳ ಹೊತ್ತು ಅಂಗೈಯನ್ನು ನೋಡಿದರು. ಬಳಿಕ ಸೊಸೆಗೆ ಇನ್ನೊಂದು ಲೋಟ ಹಾಲು, ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ ಪಲ್ಯ, ಮೇಲೊಂದು ಜೋಳದ ರೊಟ್ಟಿ ತಂದು ಮುಂದಿಟ್ಟರು.

"ತಿನ್ನು. ಎಲ್ಲಾ ತಿನ್ನು. ಅಲ್ಲಿಗೆ ಹೋಗೋದು ನೀನು ತಿಂದದ್ದೇ."

ಗಗನಾ ಮನೆಗೆ ಬಂದ ದಿನವೇ ಕೂಸಿನ ತಲೆಯ ಸ್ಕ್ಯಾನ್ ಆಗಿತ್ತು. ಮಹಂತೇಶ್ ಪಾಳಿ ಮುಗಿಸಿ ಆಸ್ಪತ್ರೆಗೆ ಹೋಗಿ ಸಂಜೆ ಬಂದವನು ಬೂಟು ಬಿಚ್ಚದೆ ಸೋಫಾದ ಮೇಲೆ ಕೂತ.

"ಏನಂದ್ರು?" ಎಂದಳು ಗಗನಾ.

"ಏನಿಲ್ಲ. ಚೆನ್ನಾಗಿದೆ."

"ಸ್ಕ್ಯಾನ್?"

"ಅದೂ... ಸ್ವಲ್ಪ ಏನೋ ಇದೆಯಂತೆ. ಸರಿಹೋಗುತ್ತೆ."

ಗಗನಾ ಅವನ ಜೇಬಿನಿಂದಲೇ ಮೊಬೈಲ್ ತೆಗೆದು ಡಾಕ್ಟರ್ ಸಬರ್‌ವಾಲ್‌ಗೆ ಫೋನ್ ಮಾಡಿದಳು. ಎಲ್ಲರೂ ಅಲ್ಲೇ ಇದ್ದರು. ಅವಳು "ಹಾಂಜಿ... ಹಾಂಜಿ..." ಅನ್ನುತ್ತ ಹೋದಳು. ಫೋನ್ ಇಟ್ಟ ಮೇಲೆ ಬಿಡಿಸಿ ಹೇಳಿದಳು.

"ಎಡಗಡೆ ಮೆದುಳಿನ ನೀರಿನ ಕೋಣೆಯಲ್ಲಿ ರಕ್ತಸ್ರಾವ ಆಗಿದೆ. ಅಲ್ಲೇ ನಿಂತ್ರೆ ಪರವಾಗಿಲ್ಲ, ಕಾಲು ಸ್ವಲ್ಪ ಬಿಗಿಯಾಗಬಹುದು, ಆಗದೇನೂ ಇರಬಹುದು. ಮೆದುಳಿನ ಒಳಕ್ಕೆ ಹರಡಿ ಎರಡೂ ಕಡೆ ಆದ್ರೆ ಕಷ್ಟ. ಶನಿವಾರ ಇನ್ನೊಂದ್ಸಲ ನೋಡ್ತಾರಂತೆ. ಹರಡಿದ್ರೆ ಮುಂದಕ್ಕೆ ಹೊಸ ಚಿಕಿತ್ಸೆ ಹೆಚ್ಚಿಸೋದೋ ಬೇಡವೋ ಅಂತ ಕೂತು ಮಾತಾಡೋಣ ಅಂದ್ರು."

"ಮಾತಾಡೋದೇನಿಲ್ಲ," ಎಂದ ಮಹಂತೇಶ್. "ಹೆಚ್ಚಿಸಬೇಕು ಅಷ್ಟೇ."

"ನನ್ನಿಂದ ಯಾಕೆ ಮುಚ್ಚಿಟ್ರಿ?"

"ಹೇಳಿದ್ರೆ ನೀನು ಸಾಕು ಅಂತೀಯ ಅಂತ."

ಸಿಂಧೂರ ತಡೆಯಲಾಗದೆ ಬಾಯಿ ಹಾಕಿದಳು. "ಭಯ್ಯಾ, ಬಸ್ ಕರೋ, ನಿಲ್ಲಿಸು! ಅತ್ತಿಗೆಗೆ ಗೊತ್ತಾಗ್ಬೇಕು ಅಲ್ವಾ? ಬೇಬಿ ಅವರದ್ದೂ ಇದೆ."

"ನೀನು ಓದ್ಕೋ ಹೋಗು."

ಏಕನಾಥರು ಕನ್ನಡಕ ಒರೆಸುತ್ತ ಸೊಸೆಯ ಕಡೆ ತಿರುಗಿದರು. "ನಾನು ಮೊದಲೇ ಹೇಳಿದ್ದು ಇದಕ್ಕೇ ಕಣಮ್ಮ. ನಾಳೆ ಅದಕ್ಕೆ ನಡೆಯೋಕಾಗದಿದ್ರೆ, ನಾವಿಬ್ರೂ ಹೋದ ಮೇಲೆ, ನೀವಿಬ್ರೂ ಹೋದ ಮೇಲೆ, ಅದನ್ನ ಯಾರು ನೋಡ್ಕೋತಾರೆ?"

"ಮಾವ, ನಡೆಯೋಕಾಗದ ಮಕ್ಕಳ ಜತೆಗೇ ನಾನು ದಿನಾ ಇರೋದು," ಎಂದಳು ಗಗನಾ. "ಅವರು ತಪ್ಪು ಲೆಕ್ಕ ಮಾಡ್ತಾರೆ, ಜಗಳ ಆಡ್ತಾರೆ, ನನಗಿಂತ ಜಾಸ್ತಿ ನಗ್ತಾರೆ. ನನಗೆ ಅದರ ಭಯ ಇಲ್ಲ."

"ಮತ್ತೆ ಸಾಕು ಅನ್ನೋ ಮಾತು ಯಾಕೆ?"

"ಬದುಕೋಕೂ ಬಿಡದೆ ಸಾಯೋಕೂ ಬಿಡದೆ ನಾವು ಅದನ್ನ ಹಿಡ್ಕೊಂಡು ಕೂತುಬಿಡ್ತೀವೇನೋ ಅಂತ. ನಮಗೋಸ್ಕರ. ಅದೊಂದೇ ನನಗೆ ಭಯ."

ಮಹಂತೇಶ್ ಎದ್ದು ಬಾಲ್ಕನಿಗೆ ಹೋದ. ಆ ದಿನ ಅವನು ಮನೆಯಲ್ಲಿ ಊಟ ಮಾಡಲಿಲ್ಲ. ಮರುದಿನ ಡಬ್ಬಿಯನ್ನೂ ಒಯ್ಯಲಿಲ್ಲ. ಗಂಡಹೆಂಡಿರ ಮಾತು ಸಿಂಧೂರಳ ಮೂಲಕ ನಡೆಯತೊಡಗಿತು. "ನಿಮ್ಮಣ್ಣಂಗೆ ಹೇಳು, ಬಾಟಲಿ ಫ್ರಿಜ್ಜಲ್ಲಿದೆ." "ನಿಮ್ಮ ಅತ್ತಿಗೆಗೆ ಹೇಳು, ನೋಡಿದೀನಿ." ಸಿಂಧೂರ, "ಮೈ ಪೋಸ್ಟ್‌ಮ್ಯಾನ್ ಹೂಂ ಕ್ಯಾ?" ಎಂದು ಗೊಣಗಿದರೂ ಮಾತು ಮುಟ್ಟಿಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಗಗನಾ ಕೋಣೆಯಲ್ಲಿ ಮಲಗಿದ್ದಳು. ಹಾಲು ಮುಟ್ಟಿಸಿ ಬಂದ ಏಕನಾಥರು ಊಟಕ್ಕೆ ಕೂತಿದ್ದರು. ಪದ್ಮಮ್ಮ ಬಿಸಿ ರೊಟ್ಟಿ ತಂದು ತಟ್ಟೆಗೆ ಹಾಕಿದವರು ಅಡುಗೆಮನೆಗೆ ಹಿಂದಿರುಗದೆ ಎದುರಿನ ಕುರ್ಚಿಯಲ್ಲಿ ಕೂತರು.

"ಆ ಹುಡುಗಿ ಹೇಳೋದು ತಪ್ಪಲ್ಲ," ಎಂದರು. "ಅವಳನ್ನ ಕೇಳಿದಾರೆ, ಅವಳು ಹೇಳಿದಾಳೆ. ನನ್ನನ್ನ ಯಾರು ಕೇಳಿದ್ರು?"

"ನಿನ್ನನ್ನ ಏನು ಕೇಳ್ಬೇಕಿತ್ತು?"

"ಎಪ್ಪತ್ತಮೂರರಲ್ಲಿ. ಧಾರವಾಡದಲ್ಲಿ, ಮಹಾಂತುಗಿಂತ ಮೊದಲಿಂದು. ಆರು ತಿಂಗಳಿಗೇ ಆಯ್ತಲ್ಲ."

ಏಕನಾಥರ ಕೈ ತಟ್ಟೆಯ ಮೇಲೆ ನಿಂತಿತು. ಮೂವತ್ತಮೂರು ವರ್ಷದಲ್ಲಿ ಆ ಮಾತು ಅವರ ನಡುವೆ ಬಂದಿರಲೇ ಇಲ್ಲ.

"ನಿಮ್ಮ ಅವ್ವ ಬಂದು, ಕೂಸಲ್ಲ ಅದು, ಬರೀ ಮಾಂಸದ ಮುದ್ದೆ, ಹೋಯ್ತು ಅಂದ್ರು. ನೀವು ಬಟ್ಟೆಯಲ್ಲಿ ಸುತ್ತಿ ಒಯ್ದದ್ದು ನಾನು ಬಾಗಿಲ ಸಂದಿಯಿಂದ ನೋಡ್ದೆ. ಅದು ಗಂಡೋ ಹೆಣ್ಣೋ ಅಂತಲೂ ನನಗೆ ಯಾರೂ ಹೇಳಲಿಲ್ಲ."

"ಹೆಣ್ಣು," ಎಂದರು ಏಕನಾಥರು.

ಪದ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಉಸಿರಿತ್ತಾ?"

ಏಕನಾಥರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಇತ್ತು. ಮುಕ್ಕಾಲು ಗಂಟೆ. ಏನೂ ಮಾಡೋಕಾಗಲ್ಲ, ಒಯ್ದುಬಿಡಿ ಅಂದ್ರು ನರ್ಸು. ಕೆರೆ ದಂಡೆಯ ಬೇವಿನ ಮರದ ಕೆಳಗೆ ಹಿಡ್ಕೊಂಡು ಕೂತಿದ್ದೆ. ಬೆಕ್ಕಿನ ಮರಿ ಥರ ಸಣ್ಣಗೆ ಸದ್ದು ಮಾಡ್ತಿತ್ತು. ನಿಂತ ಮೇಲೆ... ಆಮೇಲೆ ಮನೆಗೆ ಬಂದೆ. ಮಹಾಂತುಗೆ ಆ ಗತಿ ಬರಬಾರದು ಅಂತ ನಾನು ಬೇಡ ಅಂದದ್ದು ಪದ್ಮಾ. ಅದಕ್ಕಲ್ಲದೆ ಇನ್ಯಾವುದಕ್ಕೂ ಅಲ್ಲ."

"ನನಗೆ ಹೇಳಬಹುದಿತ್ತು."

"ನೀನು ತಡ್ಕೋತೀಯೋ ಇಲ್ಲವೋ ಅಂತ..."

"ತಡ್ಕೋತಿದ್ದೆ," ಎಂದರು ಪದ್ಮಮ್ಮ. "ಗೊತ್ತಿಲ್ಲದೇನೆ ಇಷ್ಟು ವರ್ಷ ತಡ್ಕೊಂಡಿಲ್ವಾ? ಗೊತ್ತಿದ್ದಿದ್ರೆ ಸುಲಭ ಆಗ್ತಿತ್ತು."

ಆರಿಹೋದ ರೊಟ್ಟಿಯನ್ನು ತೆಗೆದು, ಎದ್ದು ಹೋಗಿ, ಇನ್ನೊಂದನ್ನು ಬೇಯಿಸಿ ತಂದರು. ಏಕನಾಥರು ಅದನ್ನು ಪೂರ್ತಿ ತಿಂದರು. ಹೆಂಡತಿಯ ಕೈಯಿಂದ ಪಾತ್ರೆ ಇಸಿದುಕೊಂಡು ತಾವೇ ತೊಳೆಯಲು ನಿಂತರು. ಪದ್ಮಮ್ಮ ಪಕ್ಕದಲ್ಲಿ ನಿಂತು ಒಂದೊಂದೇ ಪಾತ್ರೆ ಒರೆಸಿದರು.

ಆ ಸಂಜೆ ಮಗ ಬಂದ ಕೂಡಲೇ ಪದ್ಮಮ್ಮ ಅವನನ್ನು ಅಡುಗೆಮನೆಗೆ ಕರೆದರು.

"ನಾಳೆ ಅವಳನ್ನ ಕರ್ಕೊಂಡು ಹೋಗು."

"ಜ್ವರ ಅಮ್ಮ..."

"ನಿನ್ನೆಯಿಂದ ಇಲ್ಲ. ಡಾಕ್ಟರು ಏನು ಹೇಳಿದ್ರೂ ಇಬ್ರೂ ಒಟ್ಟಿಗೆ ಕೂತು ಕೇಳಿ. ನೀನು ಕೇಳಿ ಅವಳಿಗೆ ಅರ್ಧ ಹೇಳೋದು, ಅವಳು ಗೋಡೆ ಕಡೆ ತಿರುಗೋದು, ಇದೆಲ್ಲ ಬೇಡ. ನಮ್ಮ ಮನೆಯಲ್ಲಿ ಒಂದ್ಸಲ ಹಾಗಾಗಿದೆ. ಸಾಕು."

"ಯಾವಾಗ?" ಎಂದ ಮಹಂತೇಶ್.

"ನಿಮ್ಮಪ್ಪನ್ನ ಕೇಳು. ಹೇಳ್ತಾರೆ ಈಗ."

ಶನಿವಾರ ಇಬ್ಬರೂ ಒಟ್ಟಿಗೆ ಹೋದರು. ಏಕನಾಥರೂ ಫ್ಲಾಸ್ಕು ಹಿಡಿದು ಹಿಂದೆ ಹೊರಟರು. ಸಿಸ್ಟರ್ ಲಿಸಿ ಎಂಬ ಕೇರಳದ ನರ್ಸು ಗಗನಾಳಿಗೆ ಕೈ ತೊಳೆಸಿ, ನಿಲುವಂಗಿ ತೊಡಿಸಿ ಒಳಗೆ ಬಿಟ್ಟಳು. ಹುಟ್ಟಿದ ಮೇಲೆ ಅವಳು ಮಗುವನ್ನು ಸರಿಯಾಗಿ ನೋಡಿದ್ದು ಅಂದೇ. ಗಾಜಿನ ಪೆಟ್ಟಿಗೆಯೊಳಗೆ ಬೊಂಬೆಯಂಥ ಟೋಪಿ, ಮೈಯೆಲ್ಲ ತಂತಿ. ಬಾಯಿ ತೆರೆದು ಮುಖ ಕಿವುಚುತ್ತಿತ್ತು, ಆದರೆ ಸದ್ದಿಲ್ಲ.

"ಯಾಕೆ ಸದ್ದಿಲ್ಲ?"

"ನಳಿಗೆ ಗಂಟಲಲ್ಲಿದೆಯಲ್ಲ ಮೇಡಂ. ಅಳ್ತಿದಾಳೆ, ಕೇಳ್ಸಲ್ಲ ಅಷ್ಟೇ," ಎಂದಳು ಲಿಸಿ.

ಗಗನಾ ಕಿಂಡಿಯೊಳಗೆ ಬೆರಳು ತೂರಿಸಿದಳು. ಕೂಸು ಅದನ್ನು ಹಿಡಿದುಕೊಂಡಿತು. ಹಿಡಿದ ಪಟ್ಟು ಬಿಡಲಿಲ್ಲ. ಮಹಂತೇಶ್ ಹೆಂಡತಿಯ ಪಕ್ಕ ಬಂದು ನಿಂತ. ಮೂರು ದಿನದ ನಂತರ ನೇರವಾಗಿ ಮಾತಾಡಿದ. "ನನ್ನ ಬೆರಳೂ ಹಿಡಿಯುತ್ತೆ. ಬಲಗೈಯಲ್ಲಿ."

ಹನ್ನೊಂದಕ್ಕೆ ಡಾಕ್ಟರ್ ಸಬರ್‌ವಾಲ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಮಹಂತೇಶ್ ಕುರ್ಚಿಯ ಕೈ ಹಿಡಿದು ಕೂತ. ಗಗನಾ ಕೂರದೆ ನಿಂತೇ ಇದ್ದಳು.

"ಕೂತ್ಕೊಳ್ಳಿ, ಭಯಪಡಬೇಡಿ," ಎಂದರು ಡಾಕ್ಟರು. "ಹರಡಿಲ್ಲ. ಬುಧವಾರ ಎಷ್ಟಿತ್ತೋ ಅಷ್ಟೇ ಇದೆ. ಬಲಗಡೆ ಪೂರ್ತಿ ಶುದ್ಧ. ಇವತ್ತು ನಾವು ಮಾತಾಡಬೇಕಾದ ಆ ಮಾತು ಇಲ್ಲ. ಮುಂದೆ ಬಂದರೆ ಆಗ ನೋಡೋಣ. ಇವತ್ತಿಲ್ಲ."

ಗಗನಾ ಕುರ್ಚಿ ಎಳೆದುಕೊಂಡು ಕೂತಳು. ಮಹಂತೇಶ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕಾರಿಡಾರಿನಲ್ಲಿ ಕಾದಿದ್ದ ಏಕನಾಥರಿಗೆ ಗಾಜಿನ ಬಾಗಿಲಿನಿಂದ ಕಂಡದ್ದು ಮಗ ತಲೆತಗ್ಗಿಸಿ ಅಳುತ್ತಿದ್ದದ್ದು ಮಾತ್ರ. ಅವರು ಅಲ್ಲಿದ್ದ ಬೆಂಚಿನ ಮೇಲೆ ಮೆಲ್ಲನೆ ಕೂತುಬಿಟ್ಟರು. ಗಗನಾ ಓಡಿ ಬಂದು, "ಮಾವ, ಇಲ್ಲ, ಇಲ್ಲ, ಚೆನ್ನಾಗಿದೆ! ಹರಡಿಲ್ಲ!" ಎಂದಾಗ ಅವರು ಫ್ಲಾಸ್ಕನ್ನು ಅವಳ ಕೈಗೆ ಕೊಟ್ಟು, "ಇದನ್ನ ಒಳಗೆ ಕೊಡು, ಮಂಜುಗಡ್ಡೆ ಕರಗ್ತಿದೆ," ಎಂದರು.

ಹೋಳಿಯ ಎರಡು ದಿನದ ಬಳಿಕ ಉಸಿರಿನ ನಳಿಗೆ ತೆಗೆದರು. ಮೊದಲು ಒಂದು ಕೆಮ್ಮು, ಆಮೇಲೆ ಒರಟು ಸ್ವರದ ಸಣ್ಣ ಅಳು. ಮಹಂತೇಶ್ ಮನೆಗೆ ಫೋನ್ ಮಾಡಿ, ಮೊಬೈಲನ್ನು ಪೆಟ್ಟಿಗೆಯ ಕಿಂಡಿಯ ಹತ್ತಿರ ಹಿಡಿದ. ಇಲ್ಲಿ ಸ್ಪೀಕರಿಲ್ಲದ ಲ್ಯಾಂಡ್‌ಲೈನಿಗೆ ಪದ್ಮಮ್ಮ, ಸಿಂಧೂರ ಇಬ್ಬರೂ ಕಿವಿ ಕೊಟ್ಟು, ತಲೆಗೆ ತಲೆ ತಾಗಿಸಿ ನಿಂತರು.

"ಯೇ ತೋ ಡಾಂಟ್ ರಹೀ ಹೈ," ಎಂದಳು ಸಿಂಧೂರ. "ಬೈತಿದಾಳೆ ಅಮ್ಮ ನಮ್ಗೆಲ್ಲ."

"ಬಯ್ಯಲಿ ಬಿಡು," ಎಂದರು ಪದ್ಮಮ್ಮ. "ಬಯ್ಯೋ ಹಕ್ಕಿದೆ."

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. ಮಾರ್ಚ್ ಕೊನೆಗೆ ಸೋಂಕಾಗಿ ಐದು ದಿನ ಹಾಲು ನಿಲ್ಲಿಸಿದರು. ಗಗನಾ ಹಿಂಡಿದ ಹಾಲನ್ನು ಫ್ರೀಜರಿನಲ್ಲಿ ಸಾಲಾಗಿ ಜೋಡಿಸಿಟ್ಟಳು. ಐಸ್‌ಕ್ರೀಮಿಗೆ ಜಾಗವಿಲ್ಲವೆಂದು ಸಿಂಧೂರ ಸುಳ್ಳು ಸುಳ್ಳೇ ಜಗಳ ತೆಗೆದಳು. ಏಪ್ರಿಲ್‌ನಲ್ಲಿ ಕಣ್ಣಿನ ಡಾಕ್ಟರು ನೋಡಿ, ರೆಟಿನಾದಲ್ಲಿ ಬೇಡದ ರಕ್ತನಾಳ ಬೆಳೆಯುತ್ತಿದೆ, ತಡಮಾಡದೆ ಲೇಸರ್ ಮಾಡಬೇಕು ಎಂದರು. ಎರಡೂ ಕಣ್ಣಿಗೆ ಆಯಿತು. ಆ ವಾರ ಮಹಂತೇಶ್ ಹೊಸ ಮೋಟರ್ ಸೈಕಲ್ಲಿಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸು ತಂದು ತಾಯಿಯ ಕೈಗಿಟ್ಟ.

ಕೂಸು ಒಂದು ಕಿಲೋ ನೂರು ಗ್ರಾಂ ದಾಟಿದ ದಿನ ಸಿಸ್ಟರ್ ಲಿಸಿ, "ಇನ್ನು ಪೆಟ್ಟಿಗೆ ಸಾಲದು, ಮನುಷ್ಯರ ಮೈ ಶಾಖ ಬೇಕು. ಎದೆಗೆ ಅಂಟಿಸಿ ಕೂರಬೇಕು," ಎಂದಳು. ಗಗನಾ ಬೆಳಿಗ್ಗೆಯಿಂದ ಕೂತಿದ್ದವಳು ಮಧ್ಯಾಹ್ನ ಊಟಕ್ಕೆ ಏಳಬೇಕಿತ್ತು. ಮಹಂತೇಶ್ ಕಾರ್ಖಾನೆಯಲ್ಲಿದ್ದ.

"ಅಂಕಲ್, ನೀವು ಬನ್ನಿ," ಎಂದಳು ಲಿಸಿ.

"ನಾನಾ? ನನಗೆ ಅರವತ್ತೊಂದು."

"ಎದೆ ಬೆಚ್ಚಗಿದೆ ಅಲ್ವಾ? ಅಷ್ಟು ಸಾಕು. ಶರ್ಟ್ ಬಿಚ್ಚಿ."

ಮೂವತ್ತೊಂದು ವರ್ಷ ಮೇಲಿನ ಗುಂಡಿ ಬಿಚ್ಚದೆ ಆಫೀಸಿಗೆ ಹೋದ ಏಕನಾಥರು ಪರದೆಯ ಹಿಂದೆ ನಾಚಿಕೆಯಿಂದ ಅಂಗಿ ಬಿಚ್ಚಿ ಕೂತರು. ಲಿಸಿ ಕೂಸನ್ನು ಅವರ ನರೆಗೂದಲಿನ ಎದೆಯ ಮೇಲೆ ಮಲಗಿಸಿ, ಮೇಲೊಂದು ಶಾಲು ಹೊದಿಸಿ ಕಟ್ಟಿದಳು. ಕೂಸು ಒಮ್ಮೆ ಕೊಸರಾಡಿ, ಕೆನ್ನೆ ಒತ್ತಿ, ನಿದ್ದೆ ಹೋಯಿತು. ಅವರು ಉಸಿರನ್ನೂ ಎಚ್ಚರದಿಂದ ಬಿಡುತ್ತಿದ್ದರು.

ಊಟ ಮುಗಿಸಿ ಬಂದ ಗಗನಾ, "ಕೊಡಿ ಮಾವ," ಎಂದಳು.

"ಇನ್ನೊಂದು ಐದು ನಿಮಿಷ."

"ಗಂಟೆ ಎರಡಾಯ್ತು. ನಿಮ್ಮ ರೈಲು?"

"ಮುಂದಿನದಿದೆ," ಎಂದರು. ಸ್ವಲ್ಪ ಹೊತ್ತಿಗೆ, ಅವಳ ಕಡೆ ನೋಡದೆ, "ಉಸಿರು ಎಷ್ಟು ಜೋರಾಗಿದೆ ನೋಡು ಇದರದ್ದು," ಎಂದರು. ಅವರ ಕಣ್ಣಿನಿಂದ ನೀರು ಇಳಿದು ಕತ್ತಿನವರೆಗೆ ಬಂದಿತ್ತು. ಕೈ ಎತ್ತಿದರೆ ಕೂಸು ಎದ್ದೀತೆಂದು ಅವರು ಒರೆಸಿಕೊಂಡಿರಲಿಲ್ಲ. ಗಗನಾ ತನ್ನ ದುಪಟ್ಟಾದ ಅಂಚಿನಿಂದ ಒರೆಸಿದಳು.

ಮೇ ತಿಂಗಳ ಮಧ್ಯದಲ್ಲಿ ಕೂಸು ಮನೆಗೆ ಬಂತು. ಒಂದು ಕಿಲೋ ಎಂಟುನೂರು ಗ್ರಾಂ. ಧಾರವಾಡದಿಂದ ಗಗನಾಳ ತಾಯಿ ಲೀಲಾವತಿ ಬಂದು, ಬೀಗಿತಿಯ ಜತೆ ಸೇರಿ ಮನೆಯನ್ನೆಲ್ಲ ಫಿನಾಯಿಲ್ ಹಾಕಿ ಒರೆಸಿದ್ದರು. ನಲವತ್ತಮೂರು ಡಿಗ್ರಿ ಬಿಸಿಲು, ದಿನಕ್ಕೆ ಆರು ಗಂಟೆ ಕರೆಂಟಿಲ್ಲ. ಸರದಿಯ ಮೇಲೆ ಬೀಸಣಿಗೆ ಹಿಡಿದರು. ಹೊರಗಿನವರು ಯಾರು ಬಂದರೂ ಏಕನಾಥರು ಬಾಗಿಲಲ್ಲೇ ನಿಲ್ಲಿಸಿ ಸಾಬೂನು ತೋರಿಸುತ್ತಿದ್ದರು. ಮಹಡಿಯ ಮೇಲಿನ ಮಿಸೆಸ್ ಚಾವ್ಲಾ, "ಭಾಯಿಸಾಬ್, ನಾನು ಈಗಷ್ಟೇ ಸ್ನಾನ ಮಾಡಿ ಬಂದೆ," ಎಂದರೂ ಬಿಡಲಿಲ್ಲ.

"ಮಾವ ಈಗ ಕಸ್ಟಮ್ಸ್ ಆಫೀಸರು," ಎಂದು ಗಗನಾ ನಕ್ಕಳು.

ಜೂನ್ ಹತ್ತು, ಶನಿವಾರ. ಕೂಸು ಹುಟ್ಟಬೇಕಿದ್ದ ದಿನವೆಂದು ಮೊದಲ ಸಲ ಡಾಕ್ಟರು ಬರೆದುಕೊಟ್ಟಿದ್ದ ತಾರೀಖು ಅದು. ಅಂದು ಬೆಳಿಗ್ಗೆ ತಪಾಸಣೆಯಿತ್ತು. ಕಣ್ಣು ದೀಪವನ್ನು ಹಿಂಬಾಲಿಸುತ್ತದೆ, ಕಿವಿ ಕೇಳುತ್ತದೆ ಎಂದರು. ಎಡದ ಮೆದುಳಿನ ರಕ್ತ ಕರಗಿದೆ, ನೀರು ತುಂಬಿಕೊಂಡಿಲ್ಲ. ಬಲಗಾಲಿನಲ್ಲಿ ಒಂದಿಷ್ಟು ಬಿಗುವಿದೆ, ದಿನಾ ವ್ಯಾಯಾಮ ಮಾಡಿಸಬೇಕು. ನಡೆಯುವುದು ತಡವಾಗಬಹುದು, ಎಷ್ಟು ತಡ ಎಂದು ಈಗ ಹೇಳಲಾಗದು. "ನಡೆಯುತ್ತಾಳಾ?" ಎಂದು ಮಹಂತೇಶ್ ಕೇಳಿದ್ದಕ್ಕೆ ಡಾಕ್ಟರ್ ಸಬರ್‌ವಾಲ್, "ನಡೆಯುತ್ತಾಳೆ ಅಂತ ನನಗನ್ನಿಸುತ್ತದೆ. ಅನ್ನಿಸಿಕೆ ಅಷ್ಟೇ, ಭರವಸೆ ಅಲ್ಲ," ಎಂದರು.

"ವ್ಯಾಯಾಮ ನನಗೆ ಗೊತ್ತು. ನಮ್ಮ ಶಾಲೆಯಲ್ಲಿ ದಿನಾ ನೋಡ್ತೀನಿ," ಎಂದಳು ಗಗನಾ.

ಮನೆಯಲ್ಲಿ ಲೀಲಾವತಿ ಕಡಲೆಬೇಳೆ ಹೋಳಿಗೆ ಮಾಡಿದ್ದರು. ಏಕನಾಥರು ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದಾಗ ಪದ್ಮಮ್ಮ, "ಶುಗರ್ ಇದೆ," ಎಂದರು. "ಇವತ್ತು ಬೇಡ ಆ ಮಾತು," ಎಂದು ಅವರು ತಿಂದೇಬಿಟ್ಟರು. ಊಟವಾದ ಮೇಲೆ ಹಿರಿಯರು ಮಲಗಿದರು. ಸಿಂಧೂರ ಗೆಳತಿಯ ಮನೆಗೆ ಹೋದಳು. ಮಹಂತೇಶ್ ನೆಲದ ಮೇಲೆ ಚಾಪೆ ಹಾಸಿ ಕೂಸಿನ ಬಲಗಾಲನ್ನು ಹಿಡಿದು, ಹೆಂಡತಿ ತೋರಿಸಿದಂತೆ ಮಡಚುತ್ತ ಚಾಚುತ್ತ ಇದ್ದ. ಗಗನಾ ಇನ್ನೂ ಊಟ ಮಾಡಿರಲಿಲ್ಲ. ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದಳು.

"ಒಂದು ಕೇಳ್ಲಾ?" ಎಂದ.

"ಕೇಳಿ."

"ಆ ಶನಿವಾರ, ಎರಡನೇ ಸ್ಕ್ಯಾನಿನಲ್ಲಿ ಹರಡಿದ್ದಿದ್ರೆ... ಸಾಕು ಅಂತಿದ್ಯಾ?"

ಗಗನಾ ಕೂಸಿನ ಮುಖ ನೋಡಿದಳು. ಅದು ಫ್ಯಾನಿನ ಕಡೆ ಕಣ್ಣು ನೆಟ್ಟು ಮಲಗಿತ್ತು.

"ಅಂತಿದ್ದೆ."

"ನಾನು ಒಪ್ತಿರಲಿಲ್ಲ."

"ಗೊತ್ತು. ಆದ್ರೂ ಅಂತಿದ್ದೆ. ನಿಮ್ಮ ಎದುರಿಗೆ ಕೂತು, ನಿಮಗೇ ಮೊದಲು."

ಮಹಂತೇಶ್ ಕಾಲನ್ನು ಇನ್ನೊಮ್ಮೆ ಮಡಚಿ ಚಾಚಿದ. ಕೂಸು ಆ ಕಾಲನ್ನು ತಾನಾಗಿಯೇ ಎಳೆದುಕೊಂಡು ಅವನ ಅಂಗೈಗೆ ಒದೆಯಿತು. ಅವನು ಅದನ್ನು ಎತ್ತಿ ಭುಜಕ್ಕೆ ಹಾಕಿಕೊಂಡ.

"ಹೇಳೋ ಪ್ರಮೇಯ ಬರಲಿಲ್ಲವಲ್ಲ," ಎಂದ.

"ಬರಲಿಲ್ಲ," ಎಂದಳು ಗಗನಾ. ಉಸಿರು ಬಿಟ್ಟು ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

"ಉಣ್ಣು ನೀನು. ಹೋಳಿಗೆಗೆ ತುಪ್ಪ ಹಾಕ್ಕೋ. ಇವಳನ್ನ ನಾನು ನೋಡ್ಕೋತೀನಿ."

ಗಗನಾ ತುಪ್ಪ ಹಾಕಿಕೊಂಡು, ಮೂರು ತಿಂಗಳಲ್ಲಿ ಮೊದಲ ಸಲ, ಗಡಿಯಾರದ ಕಡೆ ನೋಡದೆ ಊಟ ಮಾಡಿದಳು.